ಬೋಳು ವಸಡಿನ ಹಲ್ಲು

ಇಲಿಯ ಬಾಯಿ ತೆರೆದು ನೋಡಿದರೆ ಮುಂದುಗಡೆ ಉಳಿಯಂಥ ಬಾಚಿಹಲ್ಲು, ಹಿಂದುಗಡೆ ಅರೆಯುವ ದವಡೆಹಲ್ಲು. ನಡುವೆ ಬರೀ ಬೋಳು ವಸಡು. ಆ ಬೋಳು ಜಾಗದ ದೆಸೆಯಿಂದ ಅಕ್ಕನ ಮೂವತ್ತು ವರ್ಷದ ಹೆಸರು ಮಣ್ಣುಪಾಲಾಯಿತು. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದೇ ಹಾಗೆ. ಇನ್ನೂ ಹುಟ್ಟದ ಇಲಿಮರಿಯ ದವಡೆಯನ್ನು ಮೇಣದಲ್ಲಿ ಹುದುಗಿಸಿ, ಯಂತ್ರದ ಅಲಗಿಗೆ ಕೊಟ್ಟು, ಕೂದಲಿಗಿಂತ ತೆಳುವಾದ ಬಿಲ್ಲೆಗಳಾಗಿ ಕೊಯ್ಯುವುದು ಆಕೆಯ ಕೆಲಸ. ಪಕ್ಕದ ಮೇಜಿನಲ್ಲಿ ಕೂತು ಆ ಬಿಲ್ಲೆಗಳನ್ನು ಗಾಜಿನ ಸ್ಲೈಡಿಗೆ ಅಂಟಿಸಿ ಬಣ್ಣ ಹಾಕುವುದು ನನ್ನ ಕೆಲಸ. ಆಕೆಯದು ಕಾಯಂ ನೌಕರಿ. ನನ್ನದು ವರ್ಷಕ್ಕೊಮ್ಮೆ ಪ್ರಯೋಗಾಲಯದ ಮುಖ್ಯಸ್ಥರಾದ ಸಾರ್ ರುಜು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿಲ್ಲೆ ಹಾರಿಹೋದೀತೆಂದು ಅಕ್ಕ ಕಡುಬೇಸಿಗೆಯಲ್ಲೂ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. "ಉಸಿರು ಬಿಡೋದಿದ್ರೆ ಆ ಕಡೆ ತಿರುಗಿ ಬಿಡೇ" ಎಂದು ಗದರುತ್ತಿದ್ದಳು. ಮನೆಗೆ ಹೋದರೆ ಆಕೆಗೆ ಗಂಡನ ಗೇಲಿ ಕಾದಿರುತ್ತಿತ್ತು: "ಊರಿನ ಇಲಿ ಹಲ್ಲೆಲ್ಲ ನೋಡ್ತೀಯ. ನಮ್ಮನೆ ಅಕ್ಕಿ ಮೂಟೆ ಕಡಿದಿರೋ ಇಲೀನ ಯಾರು ನೋಡ್ಬೇಕು?"

ನಮ್ಮಲ್ಲೊಂದು ಕಟ್ಟಳೆಯಿತ್ತು. ಹಲ್ಲು ಮೂಡುವ ಕಡೆಯ ಬಿಲ್ಲೆಗಳನ್ನೆಲ್ಲ ಉಳಿಸಬೇಕು. ಬೋಳು ಜಾಗದ ಬಿಲ್ಲೆಗಳಲ್ಲಿ ಹತ್ತಕ್ಕೊಂದು ಇಟ್ಟುಕೊಂಡು ಮಿಕ್ಕಿದ್ದನ್ನು ಬುಟ್ಟಿಗೆ ಹಾಕಬೇಕು. ಏನೂ ಇಲ್ಲದ ಜಾಗಕ್ಕೆ ಗಾಜು ಯಾಕೆ ದಂಡ ಎಂದು ಸಾರ್ ಮಾಡಿದ್ದು. ಅಲ್ಲಿ ಏನೂ ಇಲ್ಲವೆಂದು ಪುಸ್ತಕ ಬರೆದವರೂ ಅವರೇ.

ಹನ್ನೊಂದು ವರ್ಷದ ಹಿಂದೆ ಒಂದು ಬಿಲ್ಲೆಯಲ್ಲಿ ಬೋಳು ವಸಡು ತುಸು ದಪ್ಪಗೆ ಕಂಡಿತು. ಅಕ್ಕನಿಗೆ ಅನುಮಾನ ಬಂದು, ಬುಟ್ಟಿ ಸೇರಬೇಕಿದ್ದ ಅಕ್ಕಪಕ್ಕದ ಬಿಲ್ಲೆಗಳಿಗೂ ನನ್ನಿಂದ ಬಣ್ಣ ಹಾಕಿಸಿದಳು. ನೋಡಿದರೆ ಆರೇ ಆರು ಬಿಲ್ಲೆಗಳಷ್ಟು ಅಗಲದ ಪುಟ್ಟ ಮೊಗ್ಗು. ಹಲ್ಲಿನ ಮೊಗ್ಗೇ, ಎರಡು ಮಾತಿಲ್ಲ. ಎರಡು ದಿನ ದೊಡ್ಡದಾದ ಮರಿಯ ದವಡೆ ಕೊಯ್ದಾಗ ಅದು ಬಾಡಿ ಕರಗುತ್ತಿತ್ತು. "ಇಲಿಯ ಮುತ್ತಜ್ಜಂದಿರಿಗೆ ಇಲ್ಲಿ ಹಲ್ಲಿತ್ತು ಅನ್ಸುತ್ತೆ ಕಣೇ. ದೇಹ ಇನ್ನೂ ಮರೆತಿಲ್ಲ, ಶುರು ಮಾಡಿ ಬಿಟ್ಬಿಡುತ್ತೆ" ಎಂದಳು. ಆಕೆ ಓದಿದ್ದು ಹತ್ತನೇ ತರಗತಿ.

ಸಾರ್ ಬಂದು, ಸೂಕ್ಷ್ಮದರ್ಶಕಕ್ಕೆ ಬಗ್ಗಿ, ಅರೆಗಳಿಗೆ ನೋಡಿದರು. "ಇದು ಮೇಣದ ಮಡಿಕೆ. ಕೊಯ್ಯೋದು ನಿಮ್ಮ ಕೆಲಸ, ನೋಡೋದು ನನ್ನ ಕೆಲಸ. ಎಸೀರಿ" ಎಂದರು. ನಾನು ಮೂರಡಿ ದೂರದಲ್ಲಿದ್ದೆ. ಅಕ್ಕ ಎಸೆದಳು.

ಈ ವರ್ಷ ಬೇರೆಲ್ಲಿಯೋ ಯಾರೋ ಅದೇ ಮೊಗ್ಗನ್ನು ತೋರಿಸಿಕೊಟ್ಟರು. ನಿಮ್ಮಲ್ಲಿ ಇಷ್ಟು ವರ್ಷ ಕಾಣದೆ ಹೋದದ್ದು ಹೇಗೆಂದು ಮೇಲಿನವರು ಮೂವರ ಸಮಿತಿ ಮಾಡಿದರು. ಸ್ಲೈಡಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದವಳು ನಾನೇ. ಗೋಡೆ ಪಕ್ಕ ನಿಂತಿದ್ದೆ.

"ಆಕೆ ಕೇಳದೆ ಎಸೆದುಬಿಟ್ಟಿದ್ದಾರೆ. ನನಗೆ ಬಂದದ್ದು ಹತ್ತಕ್ಕೊಂದು" ಎಂದು, ಕಟ್ಟಳೆ ತಮ್ಮದೇ ಎಂಬುದನ್ನು ಮುಚ್ಚಿಟ್ಟು, ಸಾರ್ ಕೈ ತೊಳೆದುಕೊಂಡರು. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ.

"ನಾನು ನೋಡಿದ್ದೆ. ಸಾರ್‌ಗೂ ತೋರಿಸಿದ್ದೆ. ಎಸೀರಿ ಅಂದ್ರು" ಎಂದಳು ಅಕ್ಕ.

"ಆಗ ಅಲ್ಲಿ ಬೇರೆ ಯಾರಾದರೂ ಇದ್ರಾ?" ಎಂದು ಸಮಿತಿಯವರೊಬ್ಬರು ಕೇಳಿದರು.

ಅಕ್ಕ ನನ್ನ ಕಡೆ ತಿರುಗಲಿಲ್ಲ. "ಯಾರೂ ಇರ್ಲಿಲ್ಲ" ಎಂದಳು.

ಆ ತಿಂಗಳ ಕೊನೆಗೆ ನನ್ನ ಕಾಗದಕ್ಕೆ ಸಾರ್ ರುಜು ಬೀಳಬೇಕಿತ್ತು. ಇದ್ದೆ ಎಂಬ ಎರಡಕ್ಷರ ನಾಲಿಗೆ ತುದಿಗೆ ಬಂದಿತ್ತು. ಪೆಟ್ಟಿಗೆಗಳನ್ನು ಎದೆಗವಚಿಕೊಂಡು ನುಂಗಿಕೊಂಡೆ.

ಸಮಿತಿ ಅಕ್ಕನಿಗೆ ಶಿಕ್ಷೆ ಕೊಡಲಿಲ್ಲ, ಕ್ಷಮಿಸಿತು. ಅಷ್ಟು ಸೂಕ್ಷ್ಮವಾದದ್ದನ್ನು ಗುರುತಿಸುವ ತಿಳಿವಳಿಕೆ ಆಕೆಗೆ ಇರಲು ಸಾಧ್ಯವಿಲ್ಲ, ಆದ್ದರಿಂದ ಎಸೆದದ್ದು ಅಜ್ಞಾನದಿಂದ ಎಂದು ಬರೆದರು. ಶಿಕ್ಷೆಯಾಗಿದ್ದರೇ ವಾಸಿಯಿತ್ತು.

ಸಂಜೆ ಬಸ್‌ಸ್ಟಾಪಿನಲ್ಲಿ ಕೇಳಿಯೇಬಿಟ್ಟೆ. "ಅಕ್ಕಾ, ಯಾರೂ ಇರ್ಲಿಲ್ಲ ಅಂತ ಯಾಕಂದ್ರಿ? ನನ್ನ ಕೆಲಸ ಉಳೀಲಿ ಅಂತಾನಾ?"

ಹಾಗೇ ಎಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಅಲ್ಲ ಕಣೇ" ಎಂದಳು. "ಕೇಳಿದ್ರೆ ನೀನು ನೆನಪಿಲ್ಲ ಅಂತೀಯ ಅಂತ ಗೊತ್ತಿತ್ತು. ಆ ಮಾತು ನಿನ್ನ ಬಾಯಿಂದ ನಾನು ಕೇಳಬಾರ್ದು ಅನ್ನಿಸ್ತು, ಅಷ್ಟೇ."

ದಿನಾ ಇಬ್ಬರೂ ಹತ್ತುವ ಬಸ್ಸು ಬಂತು. ಅವಳು ಹತ್ತಿದಳು, ನಾನು ಹತ್ತಲಿಲ್ಲ.