ಮೊಳೆಗೆ ತೂಗಿದ ಸ್ಕ್ಯಾನ್

2014ರಲ್ಲಿ, ಗಂಗಾನಗರದ ಅಕ್ಕನ ಮನೆಯಲ್ಲಿ, ಆ ವರದಿಯನ್ನು ಮೊದಲು ಓದಿ ಹೇಳಿದವಳು ನಾನೇ. ಅದನ್ನು ಮರೆಮಾಚಿ ಇದನ್ನು ಬರೆಯಲಾರೆ.

ಅಕ್ಕ ಆಗ ಆರು ತಿಂಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಶಾಲೆಯ ಕೆಲಸ ಬಿಟ್ಟಿದ್ದಳು. ತಲೆ ಬಾಚಿಕೊಳ್ಳಲು ಕೂತರೆ ಹತ್ತು ಗಂಟೆಯಾದರೂ ಬಾಚಣಿಗೆ ಕೈಯಲ್ಲೇ ಇರುತ್ತಿತ್ತು. ಜೊತೆಗೆ ತಲೆನೋವೂ ಶುರುವಾದಾಗ, ಬೇರೆ ತೊಂದರೆ ಇದೆಯೇ ಎಂದು ನೋಡಲು ಡಾಕ್ಟರು ಮೆದುಳಿನ ಸ್ಕ್ಯಾನ್ ಬರೆದುಕೊಟ್ಟರು. ಹೆಬ್ಬಾಳದಲ್ಲಿ ಮಾಡಿಸಿದೆವು. ಮರುದಿನ ವರದಿ ತಂದು ನಡುಮನೆಯಲ್ಲಿ ನಿಂತು ಓದಿದೆ: ಎಲ್ಲ ನಾರ್ಮಲ್. ಖುಷಿಯಿಂದ ಎರಡು ಸಲ ಓದಿದೆ.

ಭಾವ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರಿಗಾಗಲಿ ನನಗಾಗಲಿ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿ ಮೆತ್ತಗೇ ಹೇಳಿದರು: “ಮಿಷಿನ್ನೇ ಹೇಳ್ತಿದೆ ಕಣೇ, ನಿನ್ ತಲೇಲಿ ಏನೂ ತೊಂದ್ರೆ ಇಲ್ಲ ಅಂತ. ಇನ್ನು ಎದ್ದು ಸ್ನಾನ ಮಾಡು.”

ಆ ದೊಡ್ಡ ಕವರನ್ನು ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿದರು. ಬಂದವರಿಗೆಲ್ಲ ಕಾಫಿ ಕೊಟ್ಟು, ಅದನ್ನು ಇಳಿಸಿ ತೋರಿಸುತ್ತಿದ್ದರು. ಮಾತ್ರೆಯ ಡಬ್ಬಿ ಅಟ್ಟ ಸೇರಿತು. ನಾನು ತಡೆಯಲಿಲ್ಲ. ಮೂರು ವಾರದಲ್ಲಿ ಅಕ್ಕ ಊಟ ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಅದನ್ನು ಭಾವ ಸೋಮಾರಿತನ ಎಂದರು, ಸೊಕ್ಕು ಎಂದರು. ಸಾಕ್ಷಿಗೆ ಕವರಿತ್ತು.

ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಬಳಿ ಕರೆದೊಯ್ದೆ. ಅವರು ನಿಧಾನವಾಗಿ ವಿವರಿಸಿದರು. ಬಹಳ ಕಾಲ ಖಿನ್ನತೆಯಿಂದ ನರಳಿದ ಅನೇಕರ ಮೆದುಳನ್ನು ಅಳೆದು ಸರಾಸರಿ ನೋಡಿದರೆ, ನೆನಪಿಗೆ ಸಂಬಂಧಿಸಿದ ಒಂದು ಭಾಗ ತುಸು ಚಿಕ್ಕದಾಗಿ ಕಾಣುತ್ತದಂತೆ. ಆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಒಬ್ಬರ ಫಿಲ್ಮ್ ನೋಡಿ ಖಿನ್ನತೆ ಇದೆ ಎಂದಾಗಲಿ ಇಲ್ಲ ಎಂದಾಗಲಿ ಯಾರೂ ಹೇಳಲಾರರಂತೆ. ಈ ಸ್ಕ್ಯಾನ್ ಮಾಡಿಸಿದ್ದು ಗಡ್ಡೆಗಿಡ್ಡೆ ಇದೆಯೇ ಎಂದು ನೋಡಲು, ಅಷ್ಟೆ.

ಅಕ್ಕ ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಿ ಬಿಟ್ಟಳು. “ಗಡ್ಡೆ ಇದ್ದಿದ್ರೆ ನಂಬ್ತಿದ್ರು, ಅಲ್ವಾ ಡಾಕ್ಟ್ರೇ?”

ನನ್ನ ಸಿಟ್ಟು ಇಂದಿಗೂ ಆರಿಲ್ಲ. ಹಾಸಿಗೆಯಿಂದ ಏಳಲಾಗದ ಹೆಂಗಸು, ಮನೆಯವರು ನಂಬಲೆಂದು ತಲೆಯೊಳಗೊಂದು ಗಡ್ಡೆ ಬಯಸಬೇಕಾಯಿತು.

ಡಾಕ್ಟರು ಮತ್ತೆ ಮಾತ್ರೆ ಶುರುಮಾಡಲು ಹೇಳಿದರು. ನಾನು ಕೇಳಿಕೊಂಡಿದ್ದಕ್ಕೆ, ವಿವರಿಸಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದೂ ಕೊಟ್ಟರು. ಅದೇ ನಡುಮನೆಯಲ್ಲಿ, ಅದೇ ಜಾಗದಲ್ಲಿ ನಿಂತು ಅದನ್ನೂ ಎರಡು ಸಲ ಓದಿದೆ.

“ಓದಿದ್ಯಲ್ಲ, ಸಾಕು ಬಿಡು,” ಎಂದು ಭಾವ ಟೀವಿ ಹಾಕಿದರು.

ಸ್ಟೂಲು ಹತ್ತಿ ಡಬ್ಬಿ ಇಳಿಸಿದೆ. ಅಕ್ಕ ನುಂಗುವವರೆಗೆ ನೀರಿನ ಲೋಟ ಹಿಡಿದು ನಿಂತೆ. ಮೊಳೆಯಿಂದ ಕವರು ತೆಗೆಯಲು ಮಾತ್ರ ಭಾವ ಬಿಡಲಿಲ್ಲ.