ಹುತ್ರಿದುರ್ಗ ಗೆದ್ದವರು ಯಾರು

ನನ್ನ ನಿಶ್ಚಿತಾರ್ಥ ಒಂದು ಹಳೇ ಕೋಟೆಯ ಜಗಳಕ್ಕೆ ಸಿಕ್ಕಿ ಮುರಿದುಬೀಳುವುದರಲ್ಲಿತ್ತು.

ನಾವು ಹುತ್ರಿದುರ್ಗದವರು. ನಮ್ಮ ಹಿರೀಕರು ಅಲ್ಲಿನ ಪಾಳೇಗಾರರ ಬೆಟ್ಟದ ಕೋಟೆ ಕಾಯುತ್ತಿದ್ದರು ಎಂದು ತಾತ ಎದೆಯುಬ್ಬಿಸಿ ಹೇಳುತ್ತಿದ್ದರು. ಹುಡುಗ ಗುಬ್ಬಿಯವನು, ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ. ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಎರಡೂ ಕಡೆಯ ತಾಂಬೂಲದ ತಟ್ಟೆಗಳು ಸಿದ್ಧವಾಗಿದ್ದವು. ಅಷ್ಟರಲ್ಲಿ ಹುಡುಗನ ಸೋದರಮಾವ, ಆ ಕೋಟೆ ಹಿಡಿದ ಮೈಸೂರು ದಂಡಿನಲ್ಲಿ ತಮ್ಮ ವಂಶದವರೂ ಇದ್ದರೆಂದು ಹೇಳಿಬಿಟ್ಟರು. ತಾತ ಹುಬ್ಬು ಗಂಟಿಕ್ಕಿದರು.

“ಯಾವ ಹಕ್ಕಿನ ಮೇಲೆ ಹಿಡುದ್ರಿ ಸ್ವಾಮಿ?”

“ನಿಮ್ಮ ಪಾಳೇಗಾರ ಕಪ್ಪ ಕಟ್ಲಿಲ್ಲ, ದಂಡು ಬಂತು,” ಎಂದರು ಸೋದರಮಾವ.

“ಕಪ್ಪ ಕೇಳಾಕೆ ನೀವ್ಯಾರು? ಕೋಟೆ ಕಟ್ದೋರು ನಾವು.”

“ಕಟ್ಟುದ್ರೆ ಸಾಕಾ? ಆಳಾಕೆ ಬರ್ಬೇಕು. ಜನಾನೇ ನಮ್ಮನ್ನ ಕರುದ್ರು.”

“ಗೆದ್ದ ಮ್ಯಾಲೆ ಎಲ್ರೂ ಹಂಗೇ ಹೇಳೋದು,” ಎಂದರು ತಾತ.

ಕೊನೆಗೆ ತಟ್ಟೆ ಹಿಡಿದು ಮೊದಲು ಏಳುವವರು ಯಾರು ಎನ್ನುವಲ್ಲಿಗೆ ಮಾತು ಬಂದು ನಿಂತಿತು. ಸೋತವರು ಏಳಲಿ ಎಂದು ಸೋದರಮಾವ, ಕಿತ್ತುಕೊಂಡವರು ಏಳಲಿ ಎಂದು ತಾತ. ಇಬ್ಬರೂ ಚಾಪೆ ಬಿಟ್ಟು ಕದಲಲಿಲ್ಲ. ಅಪ್ಪ ನಡುವೆ ಕೂತು ಬೆವರೊರೆಸಿಕೊಳ್ಳುತ್ತಿದ್ದರು.

ಒಳಗೆ ರೇಷ್ಮೆ ಸೀರೆಯುಟ್ಟು ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಕಾಲದಲ್ಲೋ ಯಾರೋ ಬೆಟ್ಟ ಹತ್ತಿದರೆಂದು ನಾನು ಮೆಚ್ಚಿದ ಹುಡುಗ ಕೈತಪ್ಪಬೇಕೇ? ಅಮ್ಮ ಸೆರಗು ಹಿಡಿದೆಳೆದರೂ ಬಿಡಿಸಿಕೊಂಡು ನಡುಮನೆಗೆ ಬಂದೆ.

“ದೊಡ್ಡೋರ ಮಧ್ಯೆ ಮಾತಾಡ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ಕೋಟೆ ಯಾರ್ ಗೆದ್ರೋ ನಂಗೊತ್ತಿಲ್ಲ. ಆದ್ರೆ ಮದ್ವೆ ಆಗ್ತೀಯಾ ಅಂತ ಇವ್ರನ್ನ ಮೊದ್ಲು ಕೇಳಿದ್ದು ನಾನು.”

ಸೋದರಮಾವ ಹುಡುಗನ ಕಡೆ ತಿರುಗಿದರು.

“ನಿಜವೇನ್ಲಾ?”

“ಹೂಂ ಮಾವ. ಅವ್ಳೇ ಕೇಳಿದ್ದು. ನಾನು ಒಪ್ಕೊಂಡೆ,” ಎಂದ ಅವನು, ತಲೆ ತಗ್ಗಿಸಿ.

ತಾತ ಬೈಯುತ್ತಾರೆಂದುಕೊಂಡೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೀಸೆಯಡಿ ನಗು ಬಂತು. ಮೊಣಕಾಲು ಒತ್ತಿಕೊಂಡು ಎದ್ದು, ತಟ್ಟೆ ಎತ್ತಿಕೊಂಡು, ಸೋದರಮಾವನ ಮುಂದೆ ಹೋಗಿ ನಿಂತರು. ನನಗೆ ಅವತ್ತಿನಷ್ಟು ಹೆಮ್ಮೆ ಮತ್ತೆಂದೂ ಆಗಿಲ್ಲ.

ಸೋದರಮಾವ ತಬ್ಬಿಬ್ಬಾಗಿ ತಾವೂ ಎದ್ದರು. “ನೀವ್ಯಾಕೆ ಮೊದ್ಲು ಎದ್ರಿ ಯಜಮಾನ್ರೇ?”

“ಈ ಸಲ ಗೆದ್ದೋರು ನಾವು. ನಾವೇ ಮೊದ್ಲು ಎದ್ರೆ ತಪ್ಪೇನು ಬುಡಿ,” ಎಂದರು ತಾತ.