ದುರ್ಯೋಧನ ಏಳಲಿಲ್ಲ

ನಂದಿಗುಡಿಯ ಭರಮಣ್ಣ ದುರ್ಯೋಧನನ ಕಿರೀಟ ಕಟ್ಟಿ ಒಮ್ಮೆ ಗುಡುಗಿದನೆಂದರೆ ಗದ್ದೆ ಬದುವಿನ ಕೊಕ್ಕರೆಗಳು ಎದ್ದು ಹಾರುತ್ತಿದ್ದವು. ಶಾಲೆಯ ಮುಖ ನೋಡಿದವನಲ್ಲ. ಭತ್ತದ ಸಸಿ ನೆಡುತ್ತಾ ತಾಯಿ ತಿಮ್ಮವ್ವ ಹೇಳಿದ ಮಹಾಭಾರತವನ್ನೇ ಎದೆಗಿಳಿಸಿಕೊಂಡವನು. ಬಯಲಾಟದಲ್ಲಿ ಅವನೆದುರು ಭೀಮನಾಗಿ ನಿಲ್ಲುವವನು ಯಾವತ್ತೂ ಪಕ್ಕದ ಗದ್ದೆಯ ಹಾಲೇಶಪ್ಪನೇ.

ಅವರ ಆಟಕ್ಕೊಂದು ಕಟ್ಟಳೆ. ತೊಡೆ ಮುರಿದು ಬಿದ್ದ ದುರ್ಯೋಧನ ತಾನಾಗಿ ಏಳುವಂತಿಲ್ಲ. ಕೆಡವಿದ ಭೀಮನೇ ಕೈ ಹಿಡಿದು ಎಬ್ಬಿಸಬೇಕು. ಇಲ್ಲದಿದ್ದರೆ ಕೌರವ ಪಾಂಡವರ ಹಗೆ ಬೆನ್ನು ಹತ್ತಿ ಮನೆಗೇ ಬರುತ್ತದೆ. ಒಂದೇ ಕಾಲುವೆಯ ನೀರುಣ್ಣುವ ತಮ್ಮ ಗದ್ದೆಗಳ ನಡುವೆ ಇಷ್ಟು ವರ್ಷ ಬಡಿಗೆ ಏಳದಿದ್ದುದು ಆ ಕೈಯಿಂದಲೇ ಎಂದು ಭರಮಣ್ಣ ಗಟ್ಟಿಯಾಗಿ ನಂಬಿದ್ದ.

ಈ ಬೇಸಿಗೆ ಮಾತ್ರ ನೀರಿನ ಪಾಳಿಗೆ ಜಟಾಪಟಿಯಾಗಿ ಇಬ್ಬರಿಗೂ ಮಾತು ನಿಂತಿತ್ತು. ಅಷ್ಟರಲ್ಲಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಸಂಘದ ಪುಷ್ಪಲತಾ, ಭಾನುವಾರ ಸಂಜೆ ಗದೆಯ ಕಾಳಗವನ್ನಷ್ಟೇ ಆಡಿಕೊಡಿ ಎಂದು ಕರೆಸಿದರು. ಭರಮಣ್ಣ ಒಳಗೊಳಗೇ ಹಿಗ್ಗಿದ. ಆಟದ ಕೊನೆಗೆ ಕೈ ನೀಡದೆ ಹಾಲೇಶಿ ಎಲ್ಲಿ ಹೋದಾನು?

ಆಟ ಅದೇನು ರಂಗೇರಿತು ಅಂತೀರಿ! ಕುಣಿತಕ್ಕೆ ವೇದಿಕೆಯ ಹಲಗೆ ಕಿತ್ತು ಬರುವಂತಿತ್ತು. ಮೊಬೈಲು ಹಿಡಿದವರು ಮೊಬೈಲು ಮರೆತರು. ಹಾಲೇಶಪ್ಪನ ಏಟಿನಲ್ಲಿ ಕಾಲುವೆಯ ಸಿಟ್ಟೂ ಬೆರೆತಿತ್ತು. ಭರಮಣ್ಣ ದಬಕ್ಕನೆ ಬಿದ್ದ. ಕಣ್ಣು ಮುಚ್ಚಿ ಕೈಗಾಗಿ ಕಾದ. ಕೈ ಬರಲಿಲ್ಲ. ಹರಿಹರದ ಬಸ್ಸು ತಪ್ಪೀತೆಂದು ಗೊಣಗುತ್ತಾ ಹಾಲೇಶಪ್ಪ ಬಣ್ಣದ ಮುಖದಲ್ಲೇ ಹೊರಟುಹೋಗಿದ್ದ.

ಪುಷ್ಪಲತಾ ಬಂದು ಬಗ್ಗಿದರು. “ಯಜಮಾನ್ರೇ, ಏಳ್ರಿ. ಮುಂದೆ ಮಕ್ಕಳ ಡ್ಯಾನ್ಸ್ ಐತೆ.”

“ಹೆಂಗೆ ಏಳ್ಲವ್ವ? ಸತ್ತೋನು ನಾನು. ಕೊಂದೋನ್ನ ಕರೆಸ್ರಿ.”

ಜನ ನಕ್ಕರು. ಮದ್ದಲೆಯ ಪಾಲಯ್ಯ ಕಟ್ಟಳೆಯನ್ನು ಬಿಡಿಸಿ ಹೇಳಿದ ಮೇಲೆ ನಗು ನಿಂತು ಗದ್ದಲವೆದ್ದಿತು. ಮೊದಲೇ ಹೇಳಬಾರದಿತ್ತೇ ಎಂದು ಗದರುತ್ತಾ ಪುಷ್ಪಲತಾ ಗಂಡ ಮಹೇಂದ್ರನನ್ನು ಅಟ್ಟಿದರು. ಅವನ ಸ್ಕೂಟರಿನ ಹಿಂದೆ ಬಡಾವಣೆಯ ಅರ್ಧ ಬೈಕುಗಳು ಹೊರಟವು. ಹರಿಹರದ ರಸ್ತೆಯಲ್ಲಿ ಬಸ್ಸಿಗೆ ಅಡ್ಡ ಹಾಕಿದ್ದೇ ತಡ, ಸಂಗತಿ ತಿಳಿದ ಪ್ರಯಾಣಿಕರೇ ಹಾಲೇಶಪ್ಪನ ಮೇಲೆ ತಿರುಗಿಬಿದ್ದರು. “ಇಳಿಯಪ್ಪಾ ಭೀಮಣ್ಣ,” ಎಂದಳು ಬುಟ್ಟಿ ಹಿಡಿದು ಕೂತಿದ್ದ ರಹಮತ್ ಬೀ. “ಅವನನ್ನ ಹಂಗೇ ಮಲಗಿಸಿ ಬಂದ್ರೆ ನಿನಗೆ ಅನ್ನ ಇಳಿತೈತಾ?”

ಸ್ಕೂಟರಿನ ಹಿಂದೆ ಗದೆ ಹೊತ್ತ ಭೀಮ ಬಂದಿಳಿದಾಗ ಬಿದ್ದ ಶಿಳ್ಳೆ ಹೇಳತೀರದು. ಮಕ್ಕಳು ಡ್ಯಾನ್ಸ್ ಬಿಟ್ಟು ಭರಮಣ್ಣನ ಸುತ್ತ ಕೂತಿದ್ದರು. ಹಾಲೇಶಪ್ಪ ಬಿಗಿದ ಮುಖದಲ್ಲೇ ನಿಂತ.

“ಇಷ್ಟೊತ್ತೂ ಹಿಂಗೇ ಬಿದ್ದಿದ್ದೇನೋ?”

“ನೀ ಬರಲಿಲ್ಲ,” ಎಂದ ಭರಮಣ್ಣ, ಕಣ್ಣು ತೆರೆಯದೆ.

ಹಾಲೇಶಪ್ಪ ಗದೆ ಕೆಳಗಿಟ್ಟ. ಒಂದಲ್ಲ, ಎರಡೂ ಕೈ ಚಾಚಿದ.

ವಾಪಸ್ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಮತ್ತೆ ನೀರಿನದೇ ಜಗಳ. ಮೊದಲ ನೀರು ನಿನ್ನ ಗದ್ದೆಗೆ ಎಂದು ಇವನು; ಬ್ಯಾಡ, ನಿನ್ನದಕ್ಕೇ ಎಂದು ಅವನು.